ಎಚ್ಚರಿಕೆಯ ಒಂದು ಸಾಲು

ನಾನು ಮಾಡಿದ ವಸ್ತುವಿನ ದೋಷವನ್ನು ಮುಚ್ಚಿಡದೆ ಬರೆದಿಡುತ್ತೇನೆ ಎಂಬುದು ನನ್ನ ಹೆಮ್ಮೆಯಾಗಿತ್ತು. ಎಂಥ ಕೆಟ್ಟ ಹೆಮ್ಮೆ!

ಗದಗಿನಲ್ಲಿ ಕೂತು ಜಾಲತಾಣಗಳ ಬಿಡಿಭಾಗ ಮಾಡುವುದು ನನ್ನ ಕೆಲಸ. ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟು ಎಲ್ಲರಿಗೂ ಒಂದೇ. ಅದರಲ್ಲಿ ಇಲ್ಲದ್ದನ್ನು ನಾವೇ ಕಟ್ಟಿ ಕೂರಿಸಬೇಕು, ಅದು ಕಾಂಪೊನೆಂಟು. ಅದನ್ನು ಬಳಸುವ ಬಗೆಯನ್ನು ಬರೆದರೆ ಡಾಕ್ಯುಮೆಂಟೇಶನ್. ಬಾಗಿಲು ಮಾಡಿದ ಬಡಿಗನೇ ಅದನ್ನು ತೆರೆಯುವ ಬಗೆಯನ್ನೂ ಬರೆದುಕೊಡುವ ಕಸುಬು ಇದೊಂದೇ ಇರಬೇಕು.

ಹಾಸ್ಟೆಲ್ ಅರ್ಜಿಗೆ ನಾನು ಕಟ್ಟಿದ ಕಾಂಪೊನೆಂಟು ಫೋನ್ ನಂಬರನ್ನು ನೆನಪಿಡುತ್ತಿತ್ತು. ಒಮ್ಮೆ ತುಂಬಿದರೆ ಮತ್ತೆ ಕೇಳುತ್ತಿರಲಿಲ್ಲ, ತೋರಿಸುತ್ತಲೂ ಇರಲಿಲ್ಲ. ಆದರೆ ನಮ್ಮ ಕಡೆ ಅರ್ಜಿ ತುಂಬುವುದು ಅಂಗಡಿಯಲ್ಲಿ; ಒಂದೇ ಕಂಪ್ಯೂಟರ್, ಅದರ ಮುಂದೆ ಊರಿನ ಸರದಿ. ಮೊದಲು ತುಂಬಿದವರ ನಂಬರೇ ಮುಂದಿನವರ ಅರ್ಜಿಗೂ ಸೇರಿಬಿಡುತ್ತದೆ. ಇದು ನನಗೆ ಗೊತ್ತಿತ್ತು. ಆದ್ದರಿಂದಲೇ 'ಹಲವರು ಬಳಸುವ ಕಡೆ ಈ ನೆನಪನ್ನು ನಿಲ್ಲಿಸಿಡಿ' ಎಂದು ಹನ್ನೊಂದನೆಯ ಪುಟದಲ್ಲಿ, ಇಂಗ್ಲಿಷಿನಲ್ಲಿ ಬರೆದೆ.

"ಲೇ, ಇಷ್ಟುದ್ದ ಪುರಾಣ ಯಾವ ಶಾಸ್ತ್ರಿ ಓದಬೇಕಲೇ?" ಎಂದು ಜೊತೆಗಾರ ಈರಣ್ಣ ಆಗಲೇ ನಕ್ಕಿದ್ದ.

ಹಾಸ್ಟೆಲಿನ ಜಾಲತಾಣ ಜೋಡಿಸಿದವರು ಅದನ್ನು ಓದಲಿಲ್ಲ. ಮುಂಡರಗಿಯ ಗಾದಿ ಹೊಲಿಯುವ ಇಮಾಮಸಾಬರ ಮಗಳು ರುಬೀನಾಗೆ ಗದಗಿನ ಹಾಸ್ಟೆಲಿನಲ್ಲಿ ಸೀಟು ಸಿಕ್ಕ ಸುದ್ದಿ, ಅಂಗಡಿಯಲ್ಲಿ ಅವಳಿಗಿಂತ ಮುಂಚೆ ಅರ್ಜಿ ತುಂಬಿದ ಯಾರದೋ ಫೋನಿಗೆ ಹೋಯಿತು. ಸೇರುವ ದಿನ ದಾಟಿತು. ಸೀಟು ಬೇರೆಯವರ ಪಾಲಾಯಿತು.

ಇಮಾಮಸಾಬರು ಕೇಳುತ್ತ ಕೇಳುತ್ತ ನಮ್ಮ ಆಫೀಸಿಗೇ ಬಂದರು.

"ಕಾಕಾ, ನಮ್ಮ ತಪ್ಪಲ್ರಿ. ಇಂವಾ ಎಲ್ಲಾ ಬರದಿಟ್ಟಾನ," ಎಂದ ಈರಣ್ಣ. ನಾನು, ನಾಚಿಕೆಗೆಟ್ಟವನು, ಆ ಪುಟ ತೆಗೆದು ತೋರಿಸಿದೆ.

"ನನಗ ಇಂಗ್ಲಿಷ್ ಬರೂದಿಲ್ಲ. ಓದಿ ಹೇಳ್ರಿ."

ಕನ್ನಡದಲ್ಲಿ ಹೇಳಿದೆ.

"ಅಂದ್ರ, ಹಿಂಗ ಆಕೈತಿ ಅಂತ ನಿಮಗ ಮೊದ್ಲ ಗೊತ್ತಿತ್ತು?"

"ಗೊತ್ತಿತ್ರಿ."

"ಗಾದ್ಯಾಗ ಸೂಜಿ ಉಳದ್ರ ನಾವು ಹೊಲಿಗಿ ಬಿಚ್ಚಿ ತಗೀತೀವ್ರಿ. ಒಳಗ ಸೂಜಿ ಐತಿ, ನೋಡಿ ಮಕ್ಕೋರಿ ಅಂತ ಚೀಟಿ ಹಚ್ಚಿ ಕೊಡೂದಿಲ್ಲ."

ಓದದವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಈರಣ್ಣನ ಮೇಲಿನದೂ ಇದೆ. ಆದರೆ ಸರಿಯಾಗಿ ಹಂಚಿದರೆ ದೊಡ್ಡ ಪಾಲು ನನಗೇ ಬರುತ್ತದೆ. ರುಬೀನಾ ಈಗ ದಿನಾ ಮುಂಡರಗಿಯಿಂದ ಕಾಲೇಜಿಗೆ ಬಸ್ಸಿನಲ್ಲಿ ನಿಂತು ಬರುತ್ತಾಳೆ.

ಆ ನೆನಪನ್ನು ಕಾಂಪೊನೆಂಟಿನಿಂದ ಕಿತ್ತುಹಾಕಿದೆ. ಹತ್ತು ನಿಮಿಷ ಹಿಡಿಯಿತು. ಎಚ್ಚರಿಕೆಯ ಸಾಲನ್ನು ತಿದ್ದಿ ತೀಡಿ ಬರೆಯಲು ಅರ್ಧ ದಿನ ಹಿಡಿದಿತ್ತು.