ಮಿಶ್ರಿಯ ಡಬ್ಬಿ ಮತ್ತು ಮಗಳ ಶಾಲೆ

ಮಗಳ ಮೂರನೆಯ ತರಗತಿಯ ಬೆಂಚಿನ ಮೇಲೆ, ಮೊಣಕಾಲು ಡೆಸ್ಕಿಗೆ ಬಡಿಯುತ್ತಿದ್ದಂತೆ ಕೂತು, ನಾನು ಅಪರಿಚಿತರೊಬ್ಬರ ಎದುರು ಬಾಯಿ ತೆರೆದೆ. "ಆ ಕರಾ," ಅಂದರು ಆ ಡಾಕ್ಟರ್. ಆ ಅನ್ನಿರಿ ಎಂದು ಅರ್ಥ. ಗೋಡೆಯ ಮೇಲೆ ಮರಾಠಿ ಅಕ್ಷರಮಾಲೆ, ಬಾಗಿಲಲ್ಲಿ ಒಂದರ ಮೇಲೊಂದು ಮಕ್ಕಳ ತಲೆ. ಅವರು ಟಾರ್ಚು ಹಾಕಿ, ಕೈಗವಸಿನ ಬೆರಳಿನಿಂದ ನನ್ನ ಕೆಳತುಟಿಯನ್ನು ಹೊರಳಿಸಿ ನೋಡಿದರು. ನಮ್ಮ ಚಿಕ್ಕೋಡಿ ಕಡೆಯ ಹಳ್ಳಿಯಲ್ಲಿ ಹೆಂಗಸರು ನಗುವಾಗಲೂ ಸೆರಗಿನ ಅಂಚನ್ನು ಬಾಯಿಗೆ ಒಯ್ಯುತ್ತಾರೆ. ಮೂವತ್ತನಾಲ್ಕು ವರ್ಷ ನನ್ನ ಬಾಯೊಳಗೆ ಯಾರೂ ಇಣುಕಿರಲಿಲ್ಲ. ಡಾಕ್ಟರ್ ಪಕ್ಕದ ಮೇಜಿನಿಂದ ಇನ್ನೊಬ್ಬರನ್ನು ಕರೆದರು. ಇಬ್ಬರೂ ಸೇರಿ ಮತ್ತೆ ನೋಡಿದರು.

ನಾನು ಅಲ್ಲಿಗೆ ಹೋದದ್ದು ನನ್ನನ್ನು ತೋರಿಸಿಕೊಳ್ಳಲು ಅಲ್ಲವೇ ಅಲ್ಲ. ಪುಣೆಯ ನಿಗಡಿಯ ಈ ಶಾಲೆಯಲ್ಲಿ ಮಕ್ಕಳ ಕಣ್ಣು, ಹಲ್ಲು, ತೂಕ ನೋಡುವ ತಂಡ ಬರುತ್ತದೆ. ತಂದೆ ತಾಯಿ ಪಕ್ಕದಲ್ಲಿ ಕೂತು ಒಂದು ಅರ್ಜಿ ತುಂಬಬೇಕು. ಅದರಲ್ಲಿ ಒಂದು ಪ್ರಶ್ನೆ: ಮನೆಯಲ್ಲಿ ಯಾರಾದರೂ ತಂಬಾಕು ಬಳಸುತ್ತೀರಾ? "ನಾಹೀ," ಇಲ್ಲ, ಎಂದು ಬರೆದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ನನ್ನ ಗಂಡ ಅಡಿಕೆ ಚೂರನ್ನೂ ಬಾಯಿಗೆ ಹಾಕುವವರಲ್ಲ. ಆಗ ನನ್ನ ಮಗಳು ಗೌರಿ, ಬಾಯೊಳಗಿಂದ ಡಾಕ್ಟರರ ಪುಟ್ಟ ಕನ್ನಡಿ ಹೊರಬಂದದ್ದೇ ತಡ, ಇಡೀ ಕೋಣೆಗೆ ಕೇಳುವಂತೆ ಹೇಳಿದಳು: "ಮಾಝಿ ಮಮ್ಮಿ ಮಿಶ್ರಿ ಲಾವತೆ." ನನ್ನ ಮಮ್ಮಿ ಮಿಶ್ರಿ ಹಚ್ಚುತ್ತಾಳೆ.

ಬೆಂಗಳೂರು ಕಡೆಯ ಓದುಗರು ಮಿಶ್ರಿ ಎಂದರೆ ಕಲ್ಲುಸಕ್ಕರೆ ಎಂದುಕೊಳ್ಳಬಹುದು. ನಮ್ಮ ಮಿಶ್ರಿ ಬೇರೆ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಾಗುವವರೆಗೆ ಹುರಿದು, ಕುಟ್ಟಿ, ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು. ಹುರಿಯುವ ದಿನ ಮನೆತುಂಬ ಘಾಟು, ಮಕ್ಕಳೆಲ್ಲ ಕೆಮ್ಮುತ್ತ ಹೊರಗೆ. ಅವ್ವ ಸಂತೆಯಿಂದ ತರುತ್ತಿದ್ದದ್ದು ತಂಬಾಕು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ತಂಬಾಕು ಎಂದರೆ ಗಂಡಸರು ಸುಣ್ಣ ಬೆರೆಸಿ ಅಂಗೈಯಲ್ಲಿ ತಿಕ್ಕಿ ತುಟಿಯಡಿ ಇಡುವ ಚಟ, ಮಿಶ್ರಿ ಎಂದರೆ ಹೆಂಗಸರು ಹಲ್ಲಿಗೆ ಹಚ್ಚುವ ಔಷಧ ಎಂದೂ ಅಷ್ಟೇ ಚೆನ್ನಾಗಿ ಗೊತ್ತಿತ್ತು. ಎರಡು ತಿಳಿವಳಿಕೆಗಳು ಒಂದೇ ತಲೆಯಲ್ಲಿ ಇಷ್ಟು ವರ್ಷ ಜಗಳವಿಲ್ಲದೆ ಹೇಗೆ ಬಾಳಿದವೋ.

ಡಾಕ್ಟರ್ ನನ್ನ "ನಾಹೀ" ಹೊಡೆದುಹಾಕಿ ಮುಂದಿನ ಪ್ರಶ್ನೆ ಕೇಳಿದರು. ಎಷ್ಟು ವರ್ಷಗಳಿಂದ?

ಇದಕ್ಕೆ ಉತ್ತರ ಹೇಳುವುದು ಬಾಯಿ ತೆರೆಯುವುದಕ್ಕಿಂತ ಕಷ್ಟವಾಯಿತು. ನನಗೆ ಒಂದು ಸ್ಪಷ್ಟ ನೆನಪಿದೆ. ಎಂಟೋ ಒಂಬತ್ತೋ ವರ್ಷ, ದವಡೆ ಹಲ್ಲಿನ ನೋವು, ಅಜ್ಜಿ ಒಂದು ಚಿಟಿಕೆ ಒತ್ತಿದ್ದಳು, ತಲೆ ಗಿರ್ರೆಂದು ತಿರುಗಿ ದನದ ಕೊಟ್ಟಿಗೆಯ ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. ಗೋಡೆಯ ಸುಣ್ಣ ಕೈಗೆ ಹತ್ತಿದ್ದೂ ನೆನಪಿದೆ. ಆದರೆ ವಾಂತಿ ಮಾಡಿಕೊಂಡವಳು ತಾನೇ ಎಂದು ನನ್ನ ಅಕ್ಕ ಆಣೆ ಮಾಡುತ್ತಾಳೆ. ಸಂಜೆ ಅವ್ವನಿಗೆ ಫೋನು ಮಾಡಿ ಕೇಳಿದರೆ ಅವಳದು ಇನ್ನೊಂದು. "ನಾ ಎಂದೂ ನಿನಗ ಕೊಟ್ಟೇ ಇಲ್ಲ. ಲಗ್ನ ಆದಮ್ಯಾಲ ನೀನ ಕಲ್ತೀದಿ. ಈಗ ನನ್ನ ಮ್ಯಾಲ ಯಾಕ ಹಾಕ್ತಿ?" ಶಾಲೆಯಲ್ಲಿ ಡಾಕ್ಟರ್ ಗಡಿಯಾರ ನೋಡಿ, ಅಂದಾಜು ಹೇಳಿ ಸಾಕು ಅಂದಿದ್ದರು. ಇಪ್ಪತ್ತು ಅಂದೆ. ಆ ಇಪ್ಪತ್ತು ಈಗ ಪಾಲಿಕೆಯ ಕಾಗದದಲ್ಲಿ ಸತ್ಯವಾಗಿ ಕೂತಿದೆ. ನಾನೂ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ.

ಕೆಳತುಟಿಯ ಒಳಗೆ ಬಿಳಿಯ ಕಲೆಯಾಗಿತ್ತು. ದೊಡ್ಡ ದವಾಖಾನೆಗೆ ಹೋಗಿ ಸಣ್ಣ ಚೂರು ತೆಗೆಸಿ ಪರೀಕ್ಷೆ ಮಾಡಿಸಬೇಕು ಎಂದು ಚೀಟಿ ಬರೆದುಕೊಟ್ಟರು. "ಘಾಬರೂ ನಕಾ," ಹೆದರಬೇಡಿ, ಅಂದರು. ಹೆದರಬೇಡಿ ಎನ್ನುವುದು ಯಾವಾಗ ಎಂಬುದು ಎಲ್ಲ ಭಾಷೆಯವರಿಗೂ ಗೊತ್ತು.

ನಾವು ಪುಣೆಗೆ ಬಂದು ಆಗ ಒಂದೂವರೆ ವರ್ಷ. ಗಂಡ ದೇಹೂ ರೋಡಿನ ಸೇನಾ ಉಗ್ರಾಣದಲ್ಲಿ ಗುಮಾಸ್ತರು, ಮೂಲತಃ ಧಾರವಾಡದವರು. ನಿಗಡಿಯಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆ. ಗಡಿಭಾಗದವಳಾದ ನನಗೆ ಮರಾಠಿ ಬರುತ್ತದೆ ಎಂಬ ಸೊಕ್ಕು ಇತ್ತು. ಮೊದಲ ವಾರವೇ ತರಕಾರಿಯವಳು ನನ್ನ ಮಾತು ಕೇಳಿ ನಕ್ಕು, "ಬೆಳಗಾವಿಯವರಾ?" ಅಂದಳು. ಊಟದಲ್ಲಿ ಅಂಥ ಫರಕಿಲ್ಲ, ನಮ್ಮ ರೊಟ್ಟಿ ಅವರ ಭಾಕರಿ. ಫರಕು ಇದ್ದದ್ದು ಬಾಗಿಲಿನಲ್ಲಿ. ಈ ಊರಿನ ಮನೆಗಳಿಗೆ ಹಿತ್ತಲ ಬಾಗಿಲಿಲ್ಲ. ನಮ್ಮಲ್ಲಿ ಮುಂಜಾನೆ ಹಿತ್ತಲ ಕಟ್ಟೆಯ ಮೇಲೆ ಅಕ್ಕಪಕ್ಕದ ಹೆಂಗಸರು ಸೇರುತ್ತಾರೆ, ಮಿಶ್ರಿಯ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ, ಅರ್ಧ ತಾಸು ಯಾರೂ ಅವರನ್ನು ಕೆಲಸಕ್ಕೆ ಕರೆಯುವಂತಿಲ್ಲ. ಇಲ್ಲಿ ನಾನು ಬಚ್ಚಲಿನ ಬಾಗಿಲು ಹಾಕಿ, ನಲ್ಲಿಯ ಎದುರು ನಿಂತು ಒಬ್ಬಳೇ ತಿಕ್ಕುತ್ತಿದ್ದೆ. ಊರಲ್ಲಿ ದಿನಕ್ಕೊಮ್ಮೆ ಇದ್ದದ್ದು ಇಲ್ಲಿ ನಾಲ್ಕು ಸಲ ಆಯಿತು. ಮಾತಾಡುವವರಿಲ್ಲದ ಮನೆಯಲ್ಲಿ ತುಟಿಯಡಿಯ ಆ ಖಾರವೇ ಒಂದು ಜೊತೆ.

ಗಂಡ ಚೀಟಿ ಓದಿ ಮಡಚಿಟ್ಟರು. ಆಮೇಲೆ, "ದೀಪಾವಳಿಗೆ ಹೆಂಗೂ ಊರಿಗೆ ಹೋಗೋದದ. ಮಿರಜದಾಗ ತೋರಿಸಿದ್ರಾತು," ಅಂದರು.

ನನಗೂ ಅದೇ ಸರಿ ಕಂಡಿತು. ನಮ್ಮ ಕಡೆಯವರಿಗೆ ದವಾಖಾನೆ ಎಂದರೆ ಮಿರಜ. ಬುತ್ತಿ ಕಟ್ಟಿಕೊಂಡು, ಒಳ್ಳೆಯ ಸೀರೆ ಉಟ್ಟು, ನಾಲ್ಕು ಜನ ಜೊತೆಯಾಗಿ ಹೋಗುವ ಜಾಗ ಅದು. ಹಾಗೆ ಹೋಗಬೇಕಾದರೆ ಮನುಷ್ಯ ಮಲಗಿರಬೇಕು, ನರಳಬೇಕು. ನೋವೇ ಇಲ್ಲದ ಒಂದು ಬಿಳಿ ಕಲೆಗೆ ಯಾರು ಬುತ್ತಿ ಕಟ್ಟುತ್ತಾರೆ? ಚೀಟಿಯಲ್ಲಿ ಬರೆದ ದಿನ ಬಂತು, ಹೋಯಿತು.

ಮರುದಿನ ಬಾಗಿಲು ಬಡಿದ ಸದ್ದು. ನಮ್ಮ ಓಣಿಯ ಆರೋಗ್ಯ ಕಾರ್ಯಕರ್ತೆ ಸುನಂದಾ ತಾಈ ಏದುಸಿರು ಬಿಡುತ್ತ ನಿಂತಿದ್ದರು. ತಾಈ ಎಂದರೆ ಅಕ್ಕ. ಅವರ ಕೈಯಲ್ಲಿ ಶಾಲೆಯಿಂದ ಬಂದ ಪಟ್ಟಿ. ಅವರು ಆಡಿದ್ದು ಮರಾಠಿ, ನಾನು ಕನ್ನಡದಲ್ಲಿ ಬರೆಯುತ್ತೇನೆ.

"ವಹಿನಿ, ನಿನ್ನೆ ಎಲ್ಲಿ ಹೋಗಿದ್ರಿ? ನಾನು ದವಾಖಾನೆಯ ಬಾಗಿಲಲ್ಲಿ ಮದುಮಗನ ದಾರಿ ಕಾದಂಗೆ ಕಾದೆ."

ವಹಿನಿ ಎಂದರೆ ಅತ್ತಿಗೆ. ಈ ಊರಿನಲ್ಲಿ ನನ್ನನ್ನು ಹಾಗೆ ಕರೆದವರು ಅವರೇ ಮೊದಲು. ನಮ್ಮ ಯಜಮಾನರು ದೀಪಾವಳಿಗೆ ಮಿರಜದಲ್ಲಿ ತೋರಿಸೋಣ ಅಂದಿದ್ದಾರೆ ಅಂದೆ.

"ಆ ಕಲೆಗೆ ಪಂಚಾಂಗ ಓದೋಕೆ ಬರುತ್ತೇನು, ದೀಪಾವಳಿ ತನಕ ಕಾಯೋಕೆ?" ಅವರು ಒಳಗೆ ಬಂದು ಕೂತರು. ನೀರು ಕುಡಿದರು. ಆಮೇಲೆ ತಮ್ಮ ಕೆನ್ನೆಯನ್ನು ಬೆರಳಿನಿಂದ ಎಳೆದು ತೋರಿಸಿದರು. ಒಳಗೆ ಹೊಲಿಗೆಯ ಹಳೆಯ ಗುರುತು. "ನಾನೂ ಹನ್ನೊಂದು ವರ್ಷ ಹಚ್ಚಿದವಳು. ಚಲಾ, ಚಪ್ಪಲಿ ಹಾಕ್ಕೊಳ್ಳಿ."

ನಾನು ಅಡುಗೆಯ ಸೀರೆಯಲ್ಲೇ ಹೋದೆ. ಬುತ್ತಿ ಇಲ್ಲ, ಜೊತೆಗೆ ನಾಲ್ಕು ಜನ ಇಲ್ಲ. ತುಟಿಗೆ ಸೂಜಿ ಚುಚ್ಚುವಾಗ ನನ್ನ ಚೀಲ ಹಿಡಿದು ನಿಂತವರು ನನಗೆ ಯಾವ ರೀತಿಯಲ್ಲೂ ಸಂಬಂಧಿಯಲ್ಲದ ಒಬ್ಬ ಹೆಂಗಸು. ಅಕ್ಕಿಕಾಳಿನಷ್ಟು ಚೂರು ತೆಗೆದರು. ಎಂಟು ದಿನ ಬಿಟ್ಟು ಬನ್ನಿ ಅಂದರು.

ಆ ಎಂಟು ದಿನಗಳನ್ನು ಕ್ರಮವಾಗಿ ಹೇಳಲು ನನಗೆ ಬರುವುದಿಲ್ಲ. ಒಂದು ಮಾತ್ರ ಖಚಿತ. ನಾನು ಗೌರಿಗೆ ಜಡೆ ಹೆಣೆದುಕೊಳ್ಳುವುದನ್ನು ಕಲಿಸಿದೆ. ಶಾಲೆಯ ಬಟ್ಟೆ ಯಾವ ಕಪಾಟಿನಲ್ಲಿ, ಅಪ್ಪನ ಡಬ್ಬಿಗೆ ಎಷ್ಟು ಚಪಾತಿ, ಗ್ಯಾಸು ಆರಿಸುವುದು ಹೇಗೆ ಎಂದು ಕಲಿಸಿದೆ. ಯಾಕೆ ಎಂದು ಹೇಳಲಿಲ್ಲ. ಒಂದು ಸಂಜೆ ಅವಳು ಅರ್ಧ ಹೆಣೆದ ಜಡೆ ಹಿಡಿದುಕೊಂಡೇ ಕೇಳಿದಳು, "ಮಮ್ಮಿ, ನೀ ಒಬ್ಬಾಕಿನ ಊರಿಗೆ ಹೊಂಟೀಯೇನ?"

ಇಲ್ಲ ಅಂದೆ.

"ನಾ ಹೇಳಿದ್ದಕ್ಕ ನಿನಗ ಸಿಟ್ಟ ಬಂದದೇನ? ಮಿಶ್ರಿದು?"

ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡೆ. ತುಟಿಯ ಹೊಲಿಗೆ ಇನ್ನೂ ಬಿಗಿಯುತ್ತಿತ್ತು, ಮುತ್ತು ಕೊಡಲಾಗಲಿಲ್ಲ. ಹಣೆಗೆ ಹಣೆ ಹಚ್ಚಿದೆ.

ಕ್ಯಾನ್ಸರ್ ಇರಲಿಲ್ಲ. ವರದಿ ಓದಿದ ಡಾಕ್ಟರ್ ಅದನ್ನು ಎರಡು ಸಲ ಹೇಳಿದರು, ನನ್ನ ಮುಖದಲ್ಲಿ ಏನೂ ಬದಲಾಗದ್ದನ್ನು ನೋಡಿ ಮೂರನೆಯ ಸಲ ಹಿಂದಿಯಲ್ಲಿ ಹೇಳಿದರು. ಆದರೆ ಹಚ್ಚುವುದನ್ನು ಮುಂದುವರಿಸಿದರೆ ಆ ಕಲೆ ಕ್ಯಾನ್ಸರಿಗೆ ತಿರುಗಬಹುದು, ಬಿಟ್ಟರೆ ಮಾಯಬಹುದು, ಮೂರು ತಿಂಗಳಿಗೊಮ್ಮೆ ತೋರಿಸಿ ಅಂದರು. ರಾತ್ರಿ ಊಟದ ಹೊತ್ತಿಗೆ ಗಂಡ ತಟ್ಟೆ ನೋಡುತ್ತ, "ಸುನಂದಾ ತಾಈಗೆ ಒಮ್ಮೆ ಊಟಕ್ಕ ಕರಿ. ಕಡುಬು ಮಾಡು," ಅಂದರು. ಮಿರಜದ ಹೆಸರು ಮತ್ತೆ ಎತ್ತಲಿಲ್ಲ.

ಡಬ್ಬಿಯಲ್ಲಿ ಉಳಿದ ಪುಡಿಯನ್ನು ಎಸೆಯಲು ಹೋದರೆ ಗೌರಿ ಅಡ್ಡ ನಿಂತಳು. ಇಲ್ಲಿ ಹಸಿ ಕಸ, ಒಣ ಕಸ ಬೇರೆ ಬೇರೆ ಕೊಡಬೇಕು, ಶಾಲೆಯಲ್ಲಿ ಅದನ್ನೂ ಕಲಿಸುತ್ತಾರೆ. "ಇದು ಎರಡೂ ಅಲ್ಲ, ಇದು ವಿಷ," ಎಂದು ತೀರ್ಪು ಕೊಟ್ಟು, ಹಳೆ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಿಂದ ದೊಡ್ಡ ಗುಣಾಕಾರ ಚಿಹ್ನೆ ಹಾಕಿದಳು.

ಬಿಡುವುದು ಸುಲಭವಾಗಲಿಲ್ಲ. ತಲೆಸಿಡಿತ, ಕಾರಣವಿಲ್ಲದ ಕೋಪ, ಬೆಳಿಗ್ಗೆ ಹೊಟ್ಟೆ ಕಟ್ಟಿಕೊಳ್ಳುವುದು. ಒಮ್ಮೆ ಕಿರಾಣಿ ಅಂಗಡಿಯಲ್ಲಿ ಪುಡಿಯ ಪೊಟ್ಟಣ ಕೇಳಿ, ಅಂಗಡಿಯವನು ತಿರುಗುವಷ್ಟರಲ್ಲಿ ಬೇಡ ಎಂದು ಹೊರಟುಬಂದೆ. ಇನ್ನೊಮ್ಮೆ ಹೊರಟುಬರಲಿಲ್ಲ. ಅದನ್ನು ತಾಈಗೆ ಹೇಳಿದಾಗ ಅವರು ಬೈಯಲಿಲ್ಲ. "ನಾನು ಏಳು ಸಲ ಬಿಟ್ಟಿದ್ದೆ. ನಿಮ್ಮದು ಇನ್ನೂ ಎರಡನೆಯದು," ಎಂದು ಬಾಯಾಡಿಸಲು ಒಂದು ಹಿಡಿ ಬಡೇಸೋಪು, ಅಂದರೆ ಸೋಂಪು, ಕೊಟ್ಟರು. ವಾರಕ್ಕೊಮ್ಮೆ ಅವರ ಮನೆಯ ಮೆಟ್ಟಿಲ ಮೇಲೆ ಬಿಟ್ಟವರು, ಬಿಡಬೇಕೆನ್ನುವವರು, ಬಿಟ್ಟೆ ಎಂದು ಸುಳ್ಳು ಹೇಳುವವರು ಸೇರುತ್ತಿದ್ದೆವು. ಬಡೇಸೋಪು ಕೈಯಿಂದ ಕೈಗೆ ಹೋಗುತ್ತಿತ್ತು. ಮುಂದೆ ಮೂರನೆಯ ತಪಾಸಣೆಯ ಹೊತ್ತಿಗೆ ಕಲೆ ಉಗುರಿನ ಗೀರಿನಷ್ಟಕ್ಕೆ ಇಳಿದಿತ್ತು.

ಊರಲ್ಲಿ ಏನೂ ಇರಲಿಲ್ಲ, ಪುಣೆಯಲ್ಲಿ ಎಲ್ಲವೂ ಇದೆ ಎಂದು ಬರೆದುಬಿಟ್ಟರೆ ಓದಲು ಚೆಂದ. ಆದರೆ ನಿಜವಲ್ಲ. ನಮ್ಮ ಹಳ್ಳಿಗೂ ಆಶಾ ಕಾರ್ಯಕರ್ತೆ ಬರುತ್ತಿದ್ದಳು. ಬಾಣಂತಿಯರು, ಕೂಸುಗಳು, ಲಸಿಕೆ ಎಲ್ಲ ವಿಚಾರಿಸುತ್ತಿದ್ದಳು. ನಾವು ಅವಳನ್ನು ಮುಂಬಾಗಿಲಲ್ಲಿ ಕೂರಿಸಿ, ಚಹಾ ಕೊಟ್ಟು ಕಳಿಸುತ್ತಿದ್ದೆವು. ಹಿತ್ತಲಿನ ವಿಷಯ ಅವಳೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಅವ್ವ ಡಬ್ಬಿ ಮುಂದೆ ಹಿಡಿದಳು. ನಾನು ಬೇಡ ಅಂದೆ.

"ಯಾಕವಾ, ಪುಣೆ ನೀರ ಕುಡದ ಮ್ಯಾಲ ನಮ್ಮ ಮಿಶ್ರಿ ಸೇರವಲ್ದೇನ?" ನಗುತ್ತಲೇ ಕೇಳಿದಳು, ಆದರೆ ಚಾಚಿದ ಕೈ ಹಿಂದಕ್ಕೆ ಹೋಗಲು ತಡವಾಯಿತು. ಎಲ್ಲರೂ ಎದ್ದುಹೋದ ಮೇಲೆ ನನ್ನ ತುಟಿ ಹೊರಳಿಸಿ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಈಗ ನಿಂದು ತಗಿ, ನೋಡ್ತೀನಿ," ಅಂದೆ.

"ಏನ ನೋಡ್ತಿ? ನಿಮ್ಮಪ್ಪ ಸಂತ್ಯಾಗ ಎತ್ತಿನ ಹಲ್ಲ ನೋಡತಿದ್ನಲಾ, ಹಂಗನ?" ಎಂದು ಸೆರಗು ಮುಚ್ಚಿಕೊಂಡಳು. ಮೊಬೈಲಿನ ಬೆಳಕಿನಲ್ಲಿ ಕೊನೆಗೂ ತೆರೆದಳು. ನನಗೆ ಕಂಡದ್ದು ಕಪ್ಪು ಹಲ್ಲು, ಕೆಂಪು ವಸಡು. ಅದರಲ್ಲಿ ಏನಿದೆ ಎಂದು ಓದುವ ವಿದ್ಯೆ ನನಗಿಲ್ಲ. ಇಲ್ಲೇ ಆರೋಗ್ಯ ಕೇಂದ್ರದಲ್ಲಿ ತೋರಿಸೋಣ ಅಂದೆ.

"ಊರಾನ ಮಂದಿ ಮುಂದ ಬಾಯಿ ತಗೀಲೇನ? ಸಂಜೀ ಅನ್ನೂದ್ರಾಗ ಮನಿಮನಿಗೆ ಸುದ್ದಿ ಆಗ್ತೈತಿ. ತೋರ್ಸೂದಾದ್ರ ನಿಮ್ಮೂರಿಗೇ ಬರ್ತೀನಿ. ಅಲ್ಲೆ ನನ್ನ ಯಾರ ಗುರ್ತ ಹಿಡೀತಾರ?"

ಯಾರೂ ನನ್ನನ್ನು ಗುರುತಿಸದ ಊರು ಎಂದು ನಾನು ಬಚ್ಚಲಲ್ಲಿ ನಿಂತು ಅತ್ತದ್ದಿದೆ. ಅವ್ವನಿಗೆ ಅದೇ ಅನುಕೂಲವಾಗಿ ಕಂಡಿತು. ನಾನು ಆ ಬೆಂಚಿನ ಮೇಲೆ ಬಾಯಿ ತೆರೆದದ್ದೂ ಅದೇ ಕಾರಣಕ್ಕೆ ಇರಬಹುದು.

ಅವ್ವ ಬಂದಳು. ಗಡಿಸೀಮೆಯ ಮರಾಠಿಯಲ್ಲಿ ಸುನಂದಾ ತಾಈಯನ್ನು ನಗಿಸಿದಳು, ನನಗಿಂತ ಬೇಗ ಸಾಲಿನಲ್ಲಿದ್ದವರ ಗೆಳೆತನ ಮಾಡಿಕೊಂಡಳು. ಕಲೆ ಇಲ್ಲ, ಆದರೆ ಬಿಡಬೇಕು ಎಂದರು ಡಾಕ್ಟರ್. ಅವ್ವ ಹೂಂ ಅಂದಳು. ಬಿಡುತ್ತಾಳೋ ಇಲ್ಲವೋ ನಾನು ಹೇಳಲಾರೆ.

ಹೊರಟ ದಿನ ಬಸ್ಸಿನ ದಾರಿ ಕಾಯುತ್ತ ನಿಂತಾಗ ಅವಳು ರಸ್ತೆ ನೋಡುತ್ತಲೇ ಹೇಳಿದಳು, "ಮುಂದಿನ ಸಲ ಎದುರಮನಿ ಶಾಂತವ್ವನ್ನ ಕರಕೊಂಡ ಬರ್ಲೇನ? ಆಕಿ ಗಲ್ಲದ ಒಳಗ ಒಂದ ಹುಣ್ಣ ಐತಿ. ಮೂರ ತಿಂಗಳಾತು, ಮಾಯವಲ್ದು. ಯಾರಿಗೂ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಹಾಕ್ಸಿಕೊಂಡಾಳ."

"ಮುಂದಿನ ಸಲ ಬ್ಯಾಡ ಅವ್ವಾ. ಈ ವಾರಾನ ಕರಕೊಂಡ ಬಾ. ನಮ್ಮನ್ಯಾಗ ಇರ್ಲಿ."

"ಊರಾಗ ಕೇಳಿದ್ರ?"

"ಪುಣೆ ನೋಡಾಕ ಹೊಂಟೀವಿ ಅನ್ರಿ. ಮಗಳು ತನ್ನೂರ ನೋಡಾಕ ಕರದಾಳ ಅನ್ರಿ."

ಬಸ್ಸು ಬಂತು. ಕಿಟಕಿಯಿಂದ ಅವಳು ಬುಧವಾರ ಎಂದು ಕೂಗಿದಳು. ನಾನು ಅಲ್ಲೇ ನಿಂತು ತಾಈಗೆ ಫೋನು ಹಚ್ಚಿದೆ. "ತಾಈ, ಬುಧವಾರ ಒಬ್ಬರು ಬರುತ್ತಾರೆ, ಜೊತೆಗೆ ಬರುತ್ತೀರಾ?"

"ಯಾರು?" ಅಂದರು ಅವರು.

"ನಮ್ಮ ಊರಿನವರು," ಅಂದೆ.