ಲೋಟದ ಮೇಲೆ ಕೊರೆಸಿದ ಮಾತು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಇವತ್ತು ಬೆಳಿಗ್ಗೆ ನೀರು ಕುಡಿಯಲು ಕೈಗೆ ಸಿಕ್ಕ ಸ್ಟೀಲ್ ಲೋಟದ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದ ಸಾಲೊಂದಿದೆ: ‘ಕೆಲಸಗಾರರ ಉಸಿರೇ ನಮ್ಮ ಉಸಿರು’. ಅರ್ಧ ಸವೆದಿದೆ. ಅದನ್ನು ಹುಟ್ಟಿಸಿದವನು ನಾನು, ಅದೂ ತಮಾಷೆಗೆ.

ಎಂಬತ್ತರ ದಶಕದ ಶುರುವಿನಲ್ಲಿ ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ನಿಜವಾದ ಉದ್ಯೋಗ ಅಣಕ. ಮಿಲ್ಲಿನ ಸಾಹುಕಾರರ ಗಂಟಲು, ತೂಕದವನ ಬಿಕ್ಕಳಿಕೆ, ನನ್ನದೇ ಅಂಜುಬುರುಕ ನಡಿಗೆ, ಯಾವುದನ್ನೂ ಬಿಟ್ಟವನಲ್ಲ. ನಾನು ಸೇರಿದಾಗ ದೀಪಾವಳಿಗೆ ಹಂಚುವ ಕ್ಯಾಲೆಂಡರಿನಲ್ಲಿ ಲಕ್ಷ್ಮಿ ಮತ್ತು ಮಿಲ್ಲಿನ ಹೆಸರು, ಅಷ್ಟೇ. ಆಮೇಲೆ ಎಲ್ಲರಿಗೂ ಮಾತು ಬಂತು ನೋಡಿ. ಮಾನ್ವಿಯ ಅಕ್ಕಿ ಗಿರಣಿಯವರು ಕೀಚೈನಿನ ಮೇಲೆ ‘ದುಡಿಮೆಯೇ ದೇವರು’ ಅಂದರು. ದೇವದುರ್ಗದ ಗೊಬ್ಬರದಂಗಡಿಯವರು ಕೈಚೀಲದ ಮೇಲೆ ‘ನಂಬಿಕೆಯೇ ಬಂಡವಾಳ’ ಅಂದರು. ತಮಗೊಂದು ಮಾತಿಲ್ಲವೆಂದು ನಮ್ಮ ಸಾಹುಕಾರರ ನಿದ್ದೆ ಹಾರಿಹೋಯಿತು.

ಅದೇ ವಾರ, ಮಷೀನಿಗೆ ಹತ್ತಿ ಹಾಕುವ ಮಟಮಾರಿಯ ಹನುಮವ್ವ ಕೆಮ್ಮುತ್ತ ಆಫೀಸಿಗೆ ಬಂದಳು.

“ಯಪ್ಪಾ, ಧೂಳು ಎದಿಯಾಗ ಕುಂತದ. ಎರಡೂ ಕೈಗೆ ಕೆಲಸ, ಸೆರಗು ನಿಲ್ಲಂಗಿಲ್ಲ. ಹಬ್ಬಕ್ಕ ನಮಗ ಬ್ಯಾರೆ ಏನೂ ಬ್ಯಾಡ, ಮೂಗಿಗೆ ಕಟ್ಟಾಕ ಬಟ್ಟಿ ಕೊಡಸಪ್ಪ.”

ಸಾಹುಕಾರರಿಗೆ ಹೇಳುತ್ತೇನೆ ಎಂದೆ. ಅವಳು ಹೋದದ್ದೇ ತಡ, ಕುರ್ಚಿ ಹತ್ತಿ ಅವರದೇ ಗಂಟಲು ತೆಗೆದೆ: “ಕೆಲಸಗಾರರ ಉಸಿರೇ ನಮ್ಮ ಉಸಿರು! ಬಟ್ಟಿ ಯಾಕ ಬೇಕ್ರಿ?” ನಗುತ್ತಿದ್ದ ಆಫೀಸಿನವರು ಒಮ್ಮೆಲೇ ಲೆಕ್ಕದ ಪುಸ್ತಕಗಳಿಗೆ ತಲೆ ಬಗ್ಗಿಸಿದರು. ಬಾಗಿಲಲ್ಲಿ ಸಾಹುಕಾರರು.

“ಏನಂದಿ? ಮೊದಲಿಂದು ಇನ್ನೊಮ್ಮಿ ಅನ್ನು.”

ಕೆಲಸ ಹೋಯಿತೆಂದುಕೊಂಡು ಕುರ್ಚಿಯಿಂದ ಇಳಿದು ಅಂದೆ.

“ಬರಕೋ ಲೇ! ಈ ಹಬ್ಬಕ್ಕ ಲೋಟದ ಮ್ಯಾಲ ಹಾಕಸೂಣು.”

ಬಟ್ಟೆಯ ಮಾತು ಗಂಟಲಿಗೆ ಬಂದಿತ್ತು. ಆದರೆ ಅವರು ಮೊದಲ ಸಲ ನನ್ನ ಬೆನ್ನು ತಟ್ಟುತ್ತಿದ್ದರು. ನುಂಗಿಕೊಂಡೆ.

ಪಾತ್ರೆಗೆ ಹೆಸರು ಕೊರೆಯುವವನು ಮೂರು ದಿನ ಮಿಲ್ಲಿನ ಅಂಗಳದಲ್ಲಿ ಕುಳಿತು ಟರ್ರ್ ಎನಿಸಿದ. ಹಂಚುವ ಕೆಲಸವೂ ನನಗೇ ಬಂತು. ಹನುಮವ್ವನಿಗೆ ಓದು ಬಾರದು, ಏನು ಬರೆದಿದೆ ಎಂದು ಕೇಳಿದಳು. ಓದಿದೆ, ನನ್ನ ಸ್ವಂತ ದನಿಯಲ್ಲಿ. ಅದು ಎಷ್ಟು ಸಣ್ಣದೆಂದು ಅವತ್ತೇ ಗೊತ್ತಾದದ್ದು.

ಈಗಲೂ ಯಾರ ದನಿ ಕೇಳಿದರೂ ತೆಗೆದೇನು, ಅವಳದೊಂದು ಆಗಿಲ್ಲ. ಇವತ್ತು ಲೋಟವನ್ನು ನೀರು ತುಂಬಿಸದೆ ಹಾಗೇ ಇಟ್ಟೆ. ಆ ದಿನ ಅವಳು ಇದನ್ನೇ ಮೂಗಿನ ಮೇಲೆ ಒಮ್ಮೆ ಮುಚ್ಚಿ ನೋಡಿ, ತೆಗೆದು, ನನ್ನ ಕೈಗೇ ವಾಪಸು ಕೊಟ್ಟಿದ್ದಳು:

“ತಗೋ ಯಪ್ಪಾ, ಇದಕ್ಕ ಕಟ್ಟಾಕ ದಾರ ಇಲ್ಲ.”