ಬಾಯಿಲ್ಲದ ಹೆಂಗಸರ ಪೋಸ್ಟರ್

ಗೆಳೆಯರೇ, ಮುಂಬಯಿಯ ನಮ್ಮ ಭಾಂಡುಪ್ ಚಾಳಿನ ಹೆಂಗಸರಿಗೆ ಬಾಯಿಲ್ಲ ಎಂದು ನನಗೆ ಇವತ್ತೇ ಗೊತ್ತಾದದ್ದು.

ನಾಳೆ ನಲ್ಲಿ ನೀರಿಗಾಗಿ ವಾರ್ಡ್ ಆಫೀಸಿಗೆ ಮೋರ್ಚಾ ಇದೆ. ನಮ್ಮಂಥ ಸಣ್ಣ ಸಂಸ್ಥೆಗೆ ಒಬ್ಬ ಡಿಸೈನರನನ್ನು ಜೋಡಿಸಿಕೊಡುವ ಗ್ರಾಂಟ್ ಒಂದು ಸಿಕ್ಕಿದೆ, ಸಾಮಾಜಿಕ ನ್ಯಾಯಕ್ಕಾಗಿಯಂತೆ. ಹಾಗೆ ಬಂದ ಮಹಾಶಯ ಮಧ್ಯಾಹ್ನ ಪೋಸ್ಟರ್ ಬಿಚ್ಚಿ ತೋರಿಸಿದ. ಕೊಡ ಹಿಡಿದ ಐವರು ಹೆಂಗಸರು. ಸೀರೆಗೆ ಬಣ್ಣ, ಕೊಡಕ್ಕೆ ಹೊಳಪು. ಮುಖದಲ್ಲಿ ಮಾತ್ರ ಕಣ್ಣು, ಮೂಗು, ಬಾಯಿ ಏನೂ ಇಲ್ಲ, ಒಂದೊಂದೂ ಸಿಪ್ಪೆ ಸುಲಿದ ಆಲೂಗಡ್ಡೆಯಂತಿತ್ತು. ಮೇಲೆ ದಪ್ಪಕ್ಷರದಲ್ಲಿ ‘ನಮ್ಮ ದನಿ’.

ಕಟ್ಟಡದ ಕೆಲಸಕ್ಕೆ ಹೋಗುವ ಕಲಬುರಗಿಯ ಶರಣವ್ವ ಬಗ್ಗಿ ನೋಡಿದಳು. “ಇವರಿಗಿ ಬಾಯೇ ಇಲ್ಲಲ್ಲೋ ತಮ್ಮಾ! ಸಾಹೇಬಗ ನೀರು ಹ್ಯಾಂಗ ಕೇಳಬೇಕು?”

“ಅರೇ ಆಂಟಿ, ಇದು ಮಿನಿಮಲ್ ಸ್ಟೈಲ್. ಫೇಸ್ ಇಲ್ಲ ಅಂದ್ರೆ ಎಲ್ರೂ ರಿಲೇಟ್ ಆಗ್ತಾರೆ.”

“ನಾ ಆಗಂಗಿಲ್ಲ ನೋಡು,” ಎಂದವಳೇ ಅವನ ಮಾರ್ಕರ್ ಕಸಿದುಕೊಂಡು ಐವರಿಗೂ ಅಗಲವಾಗಿ ತೆರೆದ ಬಾಯಿ ಬರೆದಳು.

ಅವನು ಸಿಟ್ಟಾಗುತ್ತಾನೆ ಎಂದುಕೊಂಡೆ. ಮುಖ ಅರಳಿತು! ಗ್ರಾಂಟಿನ ವರದಿಗೆ ‘ಸಮುದಾಯದ ಸಹಭಾಗಿತ್ವ’ದ ಫೋಟೋ ಒಂದು ಬೇಕಿತ್ತಂತೆ. ಫೋನ್ ತೆಗೆದ. ಪೋಸ್ಟರ್ ಹಿಡಿದು ನಿಂತ ಶರಣವ್ವ, ನೀರು ನಿಂತು ಎಷ್ಟು ದಿನವಾಯಿತು, ಟ್ಯಾಂಕರಿನವನು ಏನೆಂದು ಬೈದ ಎಂದು ಅವನಿಗೆ ಹೇಳತೊಡಗಿದಳು.

“ಆಂಟಿ, ಪ್ಲೀಸ್, ಒಂದ್ನಿಮಿಷ ಬಾಯಿ ಮುಚ್ಚಿ. ಫೋಟೋ ಹಾಳಾಗ್ತಿದೆ.”

ಫೋಟೋ ಬಹಳ ಚೆನ್ನಾಗಿ ಬಂದಿದೆ. ಅದರಲ್ಲಿರುವ ಆರು ಹೆಂಗಸರಲ್ಲಿ ಐವರ ಬಾಯಿ ತೆರೆದಿದೆ.